ಅಬ್ಬರಕ್ಕೂ ಒಂದು ತಾಳವುಂಟು

ಅರಸೀಕೆರೆ ಎಂದೊಡನೆ ಬಹುಮಂದಿಯ ಕಣ್ಣೆದುರು ನಿಲ್ಲುವುದು ಹಾಸನ ಜಿಲ್ಲೆಯ ರೈಲ್ವೆ ಜಂಕ್ಷನ್ನು ಮತ್ತು ಅದರ ಸುತ್ತಣ ತೆಂಗಿನ ತೋಟಗಳು. ಅದೇ ಹೆಸರಿನ ಇನ್ನೊಂದು ಊರು ಹರಪನಹಳ್ಳಿ ತಾಲ್ಲೂಕಿನಲ್ಲಿ ಉಂಟೆಂಬುದನ್ನು ಬಲ್ಲವರು ಆ ಸೀಮೆಯ ಹೊರಗೆ ವಿರಳ. ಈ ಅರಸೀಕೆರೆಗೆ ಜಂಕ್ಷನ್ನಿನ ಗಡಿಬಿಡಿಯಿಲ್ಲ, ತೆಂಗಿನ ತಂಪೂ ಇಲ್ಲ. ಮಳೆಯನ್ನೇ ನಂಬಿ ನಿಂತ ಜೋಳ, ಮೆಕ್ಕೆಜೋಳ, ಶೇಂಗಾ ಹೊಲಗಳ ನಡುವಣ ಹೋಬಳಿಯ ಊರು ಇದು. ಕೋಲಶಾಂತೇಶ್ವರ ಮಠ ಇದರ ಗುರುತು. ತಾಲ್ಲೂಕಿನ ಹಣೆಯಲ್ಲಿ ಬರೆದಿತ್ತೋ ಏನೋ, ನಕ್ಷೆಯ ಗೆರೆಗಳು ಇದರ ಮೇಲೆ ಮೂರು ಬಾರಿ ಸರಿದಾಡಿವೆ. 1997ರಲ್ಲಿ ಬಳ್ಳಾರಿಯನ್ನು ಬಿಟ್ಟು ದಾವಣಗೆರೆ ಜಿಲ್ಲೆಗೆ ಸೇರಿದ ಹರಪನಹಳ್ಳಿ 2018ರಲ್ಲಿ ಮರಳಿ ಬಳ್ಳಾರಿಗೆ ಬಂತು. 2021ರಲ್ಲಿ ಹೊಸದಾಗಿ ಹುಟ್ಟಿದ ವಿಜಯನಗರ ಜಿಲ್ಲೆಯ ಪಾಲಾಯಿತು. ಜಿಲ್ಲೆ ಬದಲಾದಂತೆಲ್ಲ ಕಚೇರಿಗಳ ಫಲಕಗಳು ಬದಲಾದುವು. ಊರಿನ ಸದ್ದು ಮಾತ್ರ ಬದಲಾಗಲಿಲ್ಲ.

ಈ ಸೀಮೆಯನ್ನು ಕಣ್ಣಿನಿಂದ ನೋಡುವುದಕ್ಕಿಂತ ಕಿವಿಯಿಂದ ತಿಳಿಯುವುದು ಲೇಸು. ಬೇಸಗೆಯ ಬಯಲಿನಲ್ಲಿ ಕಣ್ಣಿಗೆ ಸಿಕ್ಕುವುದು ಅಲ್ಪ; ಜಾತ್ರೆಯ ದಿನಗಳಲ್ಲಿ ಕಿವಿಗೆ ಬೀಳುವುದು ಅಪಾರ. ಸಮಾಳ, ಕರಡೆ, ಹಲಗೆ, ಚೌಡಿಕೆ, ಡಮರುಗ, ಇವುಗಳ ನಡುವೆ ಹುಟ್ಟಿ ಬೆಳೆದವನಿಗೆ ದೊಡ್ಡ ದನಿಯೆಂದರೆ ಭಯವಿಲ್ಲ. ಹೀಗಿದ್ದರೂ ಬೆಂಗಳೂರಿಗೆ ಓದಲು, ದುಡಿಯಲು ಹೋದ ಹುಡುಗನೊಬ್ಬ ಹಬ್ಬಕ್ಕೆ ಊರಿಗೆ ಬಂದು ತನ್ನ ಮೊಬೈಲಿನಲ್ಲಿ ಹೆವಿ ಮೆಟಲ್ ಸಂಗೀತವನ್ನು ಹಚ್ಚಿದನೆನ್ನಿ. “ಇದೇನೋ ತಮ್ಮಾ, ಹಾಡೋ ಬಡಿದಾಟವೋ?” ಎಂದು ಕಟ್ಟೆಯ ಮೇಲಿನ ಅಜ್ಜ ಕೇಳದೆ ಇರಲಾರ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಉತ್ತರ ಅಜ್ಜನ ಊರಿನಲ್ಲೇ ಇದೆ. ಅರಸೀಕೆರೆಯಿಂದ ಮೈಲಾರದವರೆಗೆ ಒಂದು ಸುತ್ತು ಹಾಕುತ್ತ, ಈ ಸಂಗೀತದ ಉಗ್ರರೂಪಗಳನ್ನೂ ಮಿಶ್ರರೂಪಗಳನ್ನೂ ತೋರುವ ಕೆಲವು ಧ್ವನಿಮುದ್ರಿಕೆಗಳನ್ನು ಕೇಳುತ್ತ ಹೋದರೆ, ಗದ್ದಲಕ್ಕೂ ಅಬ್ಬರಕ್ಕೂ ಇರುವ ವ್ಯತ್ಯಾಸ ತಾನಾಗಿ ತಿಳಿಯುತ್ತದೆ.

ಸಮಾಳದ ಊರಿನಲ್ಲಿ

ಸಮಾಳವು ಕೊರಳಿಗೆ ತೂಗುಬಿಟ್ಟು ಬಾರಿಸುವ ಇಬ್ಬದಿಯ ಚರ್ಮವಾದ್ಯ. ನಂದಿಕೋಲಿನ ಮುಂದೆ ಅದು ಮೊಳಗುವಾಗ ಎದೆಯ ಗೂಡಿನಲ್ಲಿ ಇನ್ನೊಂದು ಸಮಾಳ ಮೊಳಗಿದಂತಾಗುತ್ತದೆ. ಅದರ ಜೊತೆಯಲ್ಲಿ ವೀರಭದ್ರನ ಪುರವಂತರು ಕತ್ತಿ ಹಿಡಿದು ನಿಂತು ಒಡಪು ಹೇಳುವುದನ್ನು ಕೇಳಬೇಕು. ದಕ್ಷಯಜ್ಞವು ಧ್ವಂಸವಾದ ಕಥೆ ಮೆಲುದನಿಯಲ್ಲಿ ಹೇಳುವಂಥದಲ್ಲ. ಉಸಿರು ಬಿಗಿಹಿಡಿದು, ಗಂಟಲು ಹರಿಯುವಂತೆ ಒಂದೇ ಸಮನೆ ಹೇಳುತ್ತ ಹೋಗಿ, ಪುರವಂತ ತಟ್ಟನೆ ನಿಲ್ಲಿಸುತ್ತಾನೆ. ನಿಲ್ಲಿಸಿದ ಕ್ಷಣಕ್ಕೆ ಸರಿಯಾಗಿ ವಾದ್ಯಗಳು ಎದ್ದು ಬರುತ್ತವೆ. ಎಲ್ಲ ಮಾತೂ ಕೇಳುವವನಿಗೆ ಬಿಡಿಬಿಡಿಯಾಗಿ ತಿಳಿಯುವುದಿಲ್ಲ. ತಿಳಿಯಬೇಕಾದ್ದು ರೌದ್ರ, ಅದು ತಿಳಿಯುತ್ತದೆ.

ಉಗ್ರ ಮೆಟಲ್ ಗಾಯಕರ ಗುರುಗುಟ್ಟುವ ಕಂಠವೂ ಇದೇ ದಾರಿಯದು. ಮಾಮೂಲಿನ ಸ್ವರತಂತುಗಳ ಮೇಲ್ಗಡೆ ಇನ್ನೊಂದು ಜೊತೆ ಮಡಿಕೆಗಳು ಮನುಷ್ಯನ ಗಂಟಲಿನಲ್ಲಿವೆ. ಅಭ್ಯಾಸದಿಂದ ಅವನ್ನು ಕಂಪಿಸುವಂತೆ ಮಾಡಿದರೆ ಆ ಒರಟು ದನಿ ಹೊರಡುತ್ತದೆ. ಮಂಗೋಲಿಯದ ಕುರಿಗಾಹಿ ಸೀಮೆಯವರು ತಮ್ಮ ತಗ್ಗುದನಿಯ ಗಂಟಲಹಾಡಿಗೆ ಬಳಸುವುದೂ ಈ ಮಡಿಕೆಗಳನ್ನೇ. ಸುಮ್ಮನೆ ಕಿರುಚಿದವನ ಗಂಟಲು ನಾಲ್ಕು ದಿನದಲ್ಲಿ ಕಟ್ಟುತ್ತದೆ; ಕಲಿತವನದು ವರ್ಷಗಟ್ಟಲೆ ನಿಲ್ಲುತ್ತದೆ. ಅದೊಂದು ವಿದ್ಯೆ.

ಸಮಾಳದ ಊರಿನಲ್ಲಿ ಮೊದಲು ಕೇಳಬೇಕಾದ ಧ್ವನಿಮುದ್ರಿಕೆ ಬ್ರೆಜಿಲ್ ದೇಶದ ‘ಸೆಪುಲ್ಟುರಾ’ ತಂಡದ ‘ರೂಟ್ಸ್’. ಇದು 1996ರಲ್ಲಿ ಹೊರಬಂತು. ಬೇರುಗಳು ಎಂಬ ಹೆಸರು ಬರಿಯ ಅಲಂಕಾರವಾಗಿರಲಿಲ್ಲ. ತಂಡದವರು ಒಳನಾಡಿನ ಶವಾಂತೆ ಜನರ ಹಳ್ಳಿಗೆ ಹೋಗಿ, ಅವರ ನಡುವೆ ಕುಳಿತು, ಅವರ ಹಾಡನ್ನು ಅವರೊಂದಿಗೇ ಮುದ್ರಿಸಿಕೊಂಡು ಬಂದರು. ಬ್ರೆಜಿಲ್ಲಿನ ಬೀದಿಯ ತಮ್ಮಟೆಗಳಿಗೆ ಕಾರ್ಲಿನ್ಯೋಸ್ ಬ್ರೌನ್ ಎಂಬ ಹೆಸರಾಂತ ವಾದ್ಯಗಾರ ಕೈಗೂಡಿಸಿದ. ವಿದ್ಯುತ್ ಗಿಟಾರಿನ ಭಾರವೂ ಹಳ್ಳಿಯ ಚರ್ಮವಾದ್ಯದ ಭಾರವೂ ಒಂದೇ ತಕ್ಕಡಿಯಲ್ಲಿ ತೂಗಿದ ಮೊದಮೊದಲ ಮುದ್ರಿಕೆಗಳಲ್ಲಿ ಇದಕ್ಕೆ ದೊಡ್ಡ ಸ್ಥಾನವಿದೆ.

ಇದರ ಬೆನ್ನಿಗೇ ಕೇಳಬಹುದಾದದ್ದು ನ್ಯೂಜಿಲೆಂಡಿನ ‘ಏಲಿಯನ್ ವೆಪನ್ರಿ’ ತಂಡದ ‘ತೂ’ (2018). ಹದಿಹರೆಯ ಇನ್ನೂ ದಾಟುತ್ತಿದ್ದ ಹುಡುಗರು ತಮ್ಮ ಹಿರಿಯರ ಮಾವೊರಿ ಭಾಷೆಯಲ್ಲಿ, ತಮ್ಮ ನೆಲಕ್ಕಾಗಿ ನಡೆದ ಹಳೆಯ ಯುದ್ಧಗಳನ್ನು ಕುರಿತು ಹಾಡಿದ ಮುದ್ರಿಕೆ ಇದು. ಇಂಗ್ಲಿಷಿನ ಒತ್ತಿನಲ್ಲಿ ಸೊರಗಿದ್ದ ಭಾಷೆಯೊಂದು ಗಿಟಾರಿನ ಹೆಗಲೇರಿ ಲೋಕ ಸುತ್ತಿತು.

ಉಚ್ಚಂಗಿಯ ಒಂಟಿ ತಂತಿ

ಅರಸೀಕೆರೆಗೆ ಬಂದವನು ಉಚ್ಚಂಗಿದುರ್ಗವನ್ನು ಹತ್ತದೆ ಹೋಗಬಾರದು. ನೊಳಂಬವಾಡಿಯನ್ನಾಳಿದ ಪಾಂಡ್ಯರ ರಾಜಧಾನಿ ಅದು. ಹೊಯ್ಸಳ ಎರಡನೆಯ ವೀರಬಲ್ಲಾಳನು ಗೆದ್ದು ಹೆಮ್ಮೆಪಟ್ಟ ಕೋಟೆ. ಇಂದು ಜನ ಮೆಟ್ಟಿಲು ಹತ್ತುವುದು ಮೇಲೆ ನೆಲೆಸಿರುವ ಉಚ್ಚಂಗಮ್ಮನಿಗಾಗಿ. ಹುಣ್ಣಿಮೆಯಲ್ಲಿ ಬರುವ ಜೋಗತಿಯರ ಹೆಗಲಲ್ಲಿ ಚೌಡಿಕೆಯಿರುತ್ತದೆ. ಮರದ ಬುಡ, ಅದಕ್ಕೆ ಚರ್ಮ, ಒಂದೇ ಒಂದು ತಂತಿ. ತಂತಿಯನ್ನು ಸಡಿಲಿಸಿ ಬಿಗಿಮಾಡುತ್ತ ಮೀಟಿದರೆ ತಗ್ಗಿನ ದನಿಯೊಂದು ಹೊಯ್ದಾಡುತ್ತದೆ. ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಬಿಡುವ ಪದ್ಧತಿಯನ್ನು 1982ರ ಕಾಯಿದೆ ನಿಷೇಧಿಸಿತು. ಆ ಕ್ರೌರ್ಯದ ನೆರಳಿನಲ್ಲಿ ಉಳಿದು ಬಂದರೂ ವಾದ್ಯದ ತಪ್ಪೇನೂ ಇಲ್ಲ. ಇದೇ ಜಿಲ್ಲೆಯ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರು ಜೋಗತಿ ಕಲೆಗಾಗಿ 2021ರಲ್ಲಿ ಪದ್ಮಶ್ರೀ ಪಡೆದಾಗ ಆ ಒಂಟಿ ತಂತಿಗೂ ಮಾನ ಬಂತು.

ಸಡಿಲಿಸಿದ ತಂತಿಯೇ ಹೆವಿ ಮೆಟಲ್ ಸಂಗೀತದ ಹುಟ್ಟಿಗೂ ಕಾರಣ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಎಂಬುದು ಕಾರ್ಖಾನೆಗಳ ಪಟ್ಟಣ. ಅಲ್ಲಿ ತಗಡು ಕತ್ತರಿಸುವ ಯಂತ್ರದಲ್ಲಿ ಟೋನಿ ಐಯೋಮಿ ಎಂಬ ಹದಿನೇಳರ ಹುಡುಗ ಬಲಗೈಯ ಎರಡು ಬೆರಳುಗಳ ತುದಿಯನ್ನು ಕಳೆದುಕೊಂಡ. ಅವನು ಎಡಗೈಯಿಂದ ಮೀಟುವ ಗಿಟಾರುಗಾರ; ತಂತಿಯನ್ನು ಒತ್ತಬೇಕಾಗಿದ್ದುದು ಆ ಬೆರಳುಗಳೇ. ಪ್ಲಾಸ್ಟಿಕ್ ಸೀಸೆಯನ್ನು ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ; ನೋವು ತಡೆಯಲೆಂದು ಹಗುರವಾದ ತಂತಿಗಳನ್ನು ಕಟ್ಟಿದ; ಮುಂದೆ 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ಯ ವೇಳೆಗೆ ತಂತಿಗಳನ್ನು ಮೂರು ಅರೆಸ್ವರದಷ್ಟು ಕೆಳಗಿಳಿಸಿದ. ಅಂಗಹೀನತೆಗೆ ಹುಡುಕಿದ ಉಪಾಯವೇ ಒಂದು ಸಂಗೀತದ ಲಕ್ಷಣವಾಗಿ ನಿಂತಿತು.

ಅವನ ತಂಡ ‘ಬ್ಲ್ಯಾಕ್ ಸ್ಯಾಬತ್’. ಅದೇ ಹೆಸರಿನ ಮೊದಲ ಮುದ್ರಿಕೆ ಹೊರಬಂದದ್ದು 1970ರ ಫೆಬ್ರವರಿ 13ರಂದು. ಮಳೆಯ ಸದ್ದು, ದೂರದ ಇಗರ್ಜಿಯ ಗಂಟೆ, ಆಮೇಲೆ ಗಿಟಾರಿನಲ್ಲಿ ಮೂರೇ ಸ್ವರ: ಷಡ್ಜ, ಮೇಲಿನ ಷಡ್ಜ, ಪ್ರತಿಮಧ್ಯಮ. ಈ ಷಡ್ಜ–ಪ್ರತಿಮಧ್ಯಮಗಳ ಅಂತರವನ್ನು ಯೂರೋಪಿನ ಹಳೆಯ ಸಂಗೀತಶಾಸ್ತ್ರ ಸೈತಾನನ ಸ್ವರವೆಂದು ಕರೆದಿತ್ತು. ಕನ್ನಡನಾಡಿನಲ್ಲಾದರೋ ಅದು ಕಲ್ಯಾಣಿ ರಾಗದ ಜೀವ. ಮದುವೆಯ ಚಪ್ಪರದಲ್ಲಿ ನಾದಸ್ವರದವರು ನುಡಿಸುವ ಮಂಗಳಸ್ವರ. ಅಲ್ಲಿ ಸೈತಾನನಾದದ್ದು ಇಲ್ಲಿ ಕಲ್ಯಾಣಿಯಾಗುವುದಾದರೆ, ಭಯವಿರುವುದು ಸ್ವರದಲ್ಲಲ್ಲ, ಕೇಳಿ ರೂಢಿಯಾದ ಕಿವಿಯಲ್ಲಿ ಎಂದಾಯಿತು. ಆ ತಂಡದ ಗಾಯಕ ಓಜಿ ಓಸ್ಬೋರ್ನ್ 2025ರ ಜುಲೈ 5ರಂದು ಹುಟ್ಟಿದೂರಿನಲ್ಲೇ ಕೊನೆಯ ಬಾರಿಗೆ ಹಾಡಿ, ಅದೇ ತಿಂಗಳ 22ರಂದು ತೀರಿಕೊಂಡ.

ಕೊಟ್ಟೂರಿನ ತೇರು, ಬೆಂಗಳೂರಿನ ತಂಡಗಳು

ಹರಪನಹಳ್ಳಿಯ ಮೇಲೆ ಹಾದು ಕೊಟ್ಟೂರಿಗೆ ಬಂದರೆ ಭಾರವೆಂದರೇನೆಂಬುದು ಕಣ್ಣಿಗೇ ಕಾಣುತ್ತದೆ. ಗುರು ಕೊಟ್ಟೂರೇಶ್ವರನ ತೇರು ಆತುರಪಡುವುದಿಲ್ಲ. ಮಿಣಿ ಬಿಗಿಯುತ್ತದೆ, ಸಾವಿರ ಕಾಲುಗಳು ನೆಲ ಕಚ್ಚುತ್ತವೆ, ಗಾಲಿ ಒಂದು ಗೇಣು ಉರುಳುತ್ತದೆ, ಸನ್ನೆ ಹಾಕುವವನು ಗಾಲಿಗೆ ಮರ ಕೊಟ್ಟು ನಿಲ್ಲಿಸುತ್ತಾನೆ. ಜೀವದ ಆಸೆ ಬಿಟ್ಟು ಗಾಲಿಯ ಬುಡದಲ್ಲಿರುವ ಆ ಮನುಷ್ಯನ ಕೈಯಲ್ಲೇ ತೇರಿನ ಲಯವೆಲ್ಲ ಇರುವುದು. ಭಾರಕ್ಕೆ ಲಯ ತಪ್ಪಿದರೆ ಏನಾದೀತೆಂಬುದನ್ನು ಈ ಊರು ಕಂಡಿದೆ: 2017ರ ರಥೋತ್ಸವದಲ್ಲಿ ತೇರು ವಾಲಿ ಬಿದ್ದು ಹಲವರು ಗಾಯಗೊಂಡರು.

ಹೆವಿ ಮೆಟಲ್ ಸಂಗೀತದಲ್ಲಿ ‘ಡೂಮ್’ ಎಂಬ ಶಾಖೆ ಈ ತೇರಿನ ನಡೆಯದು. ಬೆಂಗಳೂರಿನ ‘ಬೆವರ್ ಸೀ’ ತಂಡ ತನ್ನದೇ ಹೆಸರಿನಲ್ಲಿ 2012ರಲ್ಲಿ ಹೊರತಂದ ಮುದ್ರಿಕೆ ಇದಕ್ಕೆ ಒಳ್ಳೆಯ ನಿದರ್ಶನ. ತಂಡದ ಹೆಸರು ಕನ್ನಡದ ಬೈಗುಳವೊಂದರ ಮೇಲಿನ ಚೇಷ್ಟೆ. ‘ಬೇವಾರ್ಸಿ’ ಎಂದರೆ ವಾರಸುದಾರರಿಲ್ಲದವನು, ಹೇಳುವವರು ಕೇಳುವವರು ಇಲ್ಲದವನು. ಬೈಗುಳವನ್ನೇ ಬಿರುದಾಗಿ ಹೊತ್ತ ಈ ಹುಡುಗರು ನಿಧಾನವಾದ, ಭಾರವಾದ, ಮಂದಸ್ವರದ ಗಿಟಾರನ್ನು ಗಾಲಿಯಂತೆ ಉರುಳಿಸುತ್ತಾರೆ. ಕೇಳುವವನಿಗೆ ತಾಳ್ಮೆ ಬೇಕು. ತೇರಿನ ಮುಂದೆ ಓಡುವವನಿಗೆ ತೇರು ಕಾಣುವುದಿಲ್ಲ.

ಬೆಂಗಳೂರಿನಲ್ಲಿ ಈ ಸಂಗೀತ ನಿನ್ನೆ ಮೊನ್ನೆಯದಲ್ಲ. ಅರಮನೆ ಮೈದಾನದಲ್ಲಿ 2007ರ ಮಾರ್ಚಿ 17ರಂದು ‘ಐರನ್ ಮೇಡನ್’, 2011ರ ಅಕ್ಟೋಬರ್ 30ರಂದು ‘ಮೆಟಾಲಿಕಾ’ ತಂಡಗಳು ನುಡಿಸಿದಾಗ ದೇಶದ ಮೂಲೆಮೂಲೆಗಳಿಂದ ತರುಣರು ಬಂದು ಸೇರಿದ್ದರು. ಅದಕ್ಕೂ ಮೊದಲೇ, 1998ರಲ್ಲಿ, ‘ಕ್ರಿಪ್ಟಾಸ್’ ಎಂಬ ತಂಡ ಬೆಂಗಳೂರಿನಲ್ಲಿ ಹುಟ್ಟಿತ್ತು. ಅದರ ‘ದಿ ಕಾಯಿಲ್ಸ್ ಆಫ್ ಅಪಾಲಿಯನ್’ (2012) ಹಳೆಯ ಶೈಲಿಯ ಗಿಟಾರಿನ ಓಟಕ್ಕೆ ಒರಟು ಕಂಠವನ್ನು ಜೋಡಿಸಿದ ಅಚ್ಚುಕಟ್ಟಾದ ಮುದ್ರಿಕೆ. ಹೊಸದಾಗಿ ಕೇಳತೊಡಗಿದವನಿಗೆ ಬಾಗಿಲಂತೆ ಒದಗುವಂಥದು.

ಮಿಶ್ರಣದ ಸೊಗಸನ್ನು ಬಯಸುವವರು ಬೆಂಗಳೂರಿನವೇ ಆದ ಇನ್ನೆರಡನ್ನು ಹುಡುಕಬೇಕು: ‘ಪೈನಾಪಲ್ ಎಕ್ಸ್‌ಪ್ರೆಸ್’ ತಂಡದ ‘ಅಪ್‌ಲಿಫ್ಟ್’ (2016) ಮತ್ತು ‘ಪ್ರಾಜೆಕ್ಟ್ ಮಿಶ್ರಂ’ ತಂಡದ ‘ಮೆಸೊ’ (2020). ಕರ್ನಾಟಕ ಸಂಗೀತದ ಗಮಕ, ಕೊನ್ನಕೋಲಿನ ಜತಿ, ಇವು ಗಿಟಾರಿನ ಹೊಡೆತಗಳೊಡನೆ ಹೊಂದಿಕೊಂಡು ನಡೆಯುವ ರೀತಿ ಬೆರಗು ಹುಟ್ಟಿಸುತ್ತದೆ. ಆದರೆ ಇದು ಬಲವಂತದ ಮದುವೆಯಲ್ಲ. ಲೆಕ್ಕಾಚಾರದ ತಾಳ ಮೆಟಲ್‌ಗೂ ಹೊಸತಲ್ಲ. ಸ್ವೀಡನ್ನಿನ ‘ಮೆಶುಗ್ಗಾ’ ತಂಡದ ‘ಡಿಸ್ಟ್ರಾಯ್ ಇರೇಸ್ ಇಂಪ್ರೂವ್’ (1995) ಕೇಳಿ ನೋಡಬೇಕು. ಕಂಚಿನ ತಟ್ಟೆಯ ಮೇಲೆ ನಾಲ್ಕರ ಎಣಿಕೆ ಸಾಗುತ್ತಿರುವಾಗಲೇ ಗಿಟಾರು ಐದು, ಏಳು ಮುಂತಾದ ಬೆಸ ಗುಂಪುಗಳಲ್ಲಿ ಹೊರಟು, ಎಷ್ಟೋ ಸುತ್ತಿನ ಬಳಿಕ ಸಮಕ್ಕೆ ಬಂದು ಕೂಡುತ್ತದೆ. ತನಿ ಆವರ್ತನ ಕೇಳಿ ತೊಡೆ ತಟ್ಟಿದವನಿಗೆ ಇದು ಪರಿಚಿತವಾದ ಆಟ. ಅಮೆರಿಕದ ‘ಸಿನಿಕ್’ ತಂಡದ ‘ಫೋಕಸ್’ (1993) ಡೆತ್ ಮೆಟಲ್ ಎಂಬ ಭೀಕರ ಶಾಖೆಗೆ ಜಾಜ್ ಸಂಗೀತದ ಕುಸುರಿಯನ್ನು ಬೆಸೆಯಿತು. ಮುಂಬಯಿಯ ‘ಡೆಮಾನಿಕ್ ರೆಸರೆಕ್ಷನ್’ ತಂಡ 2017ರ ‘ದಶಾವತಾರ್’ ಮುದ್ರಿಕೆಯಲ್ಲಿ ವಿಷ್ಣುವಿನ ಹತ್ತು ಅವತಾರಗಳನ್ನೇ ವಸ್ತುವಾಗಿ ಆರಿಸಿಕೊಂಡಿತು. ದಿಲ್ಲಿಯ ‘ಬ್ಲಡಿವುಡ್’ ತಂಡ ‘ರಕ್ಷಕ್’ (2022) ಮುದ್ರಿಕೆಯಲ್ಲಿ ಪಂಜಾಬಿನ ಢೋಲನ್ನು ಮುಂದೆ ನಿಲ್ಲಿಸಿತು. ಎಲ್ಲೆಲ್ಲಿಯೂ ಸಂಗತಿ ಒಂದೇ: ತಮ್ಮ ಊರಿನ ಸದ್ದನ್ನು ಬಿಟ್ಟುಕೊಡದವರೇ ಈ ಸಂಗೀತವನ್ನು ಬೆಳೆಸಿದ್ದಾರೆ.

ಮೈಲಾರದ ಮೌನ

ಯಾತ್ರೆ ಮುಗಿಯಬೇಕಾದದ್ದು ಹಡಗಲಿ ಸೀಮೆಯ ಮೈಲಾರದಲ್ಲಿ, ತುಂಗಭದ್ರೆಯ ದಂಡೆಯಲ್ಲಿ. ಭರತ ಹುಣ್ಣಿಮೆಯ ಜಾತ್ರೆಗೆ ಬಂದ ಲಕ್ಷಾಂತರ ಜನ, ಎತ್ತಿನ ಬಂಡಿಗಳು, ಕರಿಯ ಕಂಬಳಿಯ ಗೊರವರು, ಅವರ ಡಮರುಗ, ಗಾಳಿಯಲ್ಲಿ ಭಂಡಾರದ ಹಳದಿ ಧೂಳು, ಏಳುಕೋಟಿಯ ಜಯಘೋಷ. ಇಂಥ ಕಡಲಿನ ನಡುವೆ ಕಾರಣಿಕದ ಗೊರವಯ್ಯ ಎತ್ತರದ ಬಿಲ್ಲನ್ನೇರಿ “ಸದ್ದಲೇ” ಎಂದು ಕೂಗುತ್ತಾನೆ. ಆ ಕ್ಷಣ ಬಯಲೆಲ್ಲ ನಿಶ್ಶಬ್ದವಾಗುತ್ತದೆ. ಒಂದೇ ಒಂದು ವಾಕ್ಯದ ಕಾರಣಿಕ ನುಡಿದು ಗೊರವಯ್ಯ ಬಿಲ್ಲಿನ ಮೇಲಿನಿಂದ ಹಿಂದಕ್ಕೆ ಬೀಳುತ್ತಾನೆ. ಕೆಳಗೆ ನಿಂತವರು ಹಿಡಿದುಕೊಳ್ಳುತ್ತಾರೆ. ಮಳೆ ಬೆಳೆಯ ಬಗೆಗೋ ರಾಜಕೀಯದ ಬಗೆಗೋ ಎಂದು ಆ ಒಂದು ವಾಕ್ಯಕ್ಕೆ ವರ್ಷವಿಡೀ ಅರ್ಥ ಹೇಳುವ ಕೆಲಸ ರೈತರದು.

ಮೆಟಲ್ ಲೋಕಕ್ಕೂ ಒಂದು ಮೈಲಾರವಿದೆ. ಜರ್ಮನಿಯ ಉತ್ತರಕ್ಕೆ ವಾಕೆನ್ ಎಂಬ ಹಳ್ಳಿ. ಅದರ ಜನಸಂಖ್ಯೆ ಸುಮಾರು 2,000. ಅಲ್ಲಿ 1990ರಲ್ಲಿ ಕೆಲವೇ ನೂರು ಮಂದಿಯಿಂದ ಮೊದಲಾದ ಸಂಗೀತದ ಜಾತ್ರೆಗೆ ಈಗ ವರ್ಷವರ್ಷವೂ 75,000ಕ್ಕೂ ಹೆಚ್ಚು ಜನ ಸೇರುತ್ತಾರೆ. ಹೊಲದಲ್ಲಿ ಡೇರೆ, ಮಳೆ ಬಂದರೆ ಮೊಣಕಾಲುದ್ದ ಕೆಸರು, ಹಳ್ಳಿಯವರದೇ ಆತಿಥ್ಯ. ಬೆಂಗಳೂರಿನ ಕ್ರಿಪ್ಟಾಸ್ ತಂಡ 2013ರಲ್ಲಿ ಅಲ್ಲಿ ನುಡಿಸಿ ಬಂತು.

ಕಾರಣಿಕದಷ್ಟು ಚಿಕ್ಕದಾಗಿ ಹೇಳಿ ಮುಗಿಸುವ ಶಾಖೆಯೂ ಮೆಟಲ್‌ನಲ್ಲಿದೆ. ಬ್ಲ್ಯಾಕ್ ಸ್ಯಾಬತ್ ಹುಟ್ಟಿದ ಬರ್ಮಿಂಗ್‌ಹ್ಯಾಮಿನ ಮಗ್ಗುಲಿನಲ್ಲೇ ಬೆಳೆದ ‘ನೇಪಾಮ್ ಡೆತ್’ ತಂಡದ ‘ಸ್ಕಮ್’ (1987) ಸುಮಾರು 33 ಮಿನಿಟಿನಲ್ಲಿ 28 ಹಾಡುಗಳನ್ನು ಸುರಿಯುತ್ತದೆ. ಅವುಗಳಲ್ಲಿ ಒಂದರ ಅವಧಿ ಒಂದು ಸೆಕೆಂಡಿಗಿಂತ ತುಸು ಹೆಚ್ಚು, ಅಷ್ಟೆ. ನಗು ಬರುವ ಸಂಗತಿಯೇ ಸರಿ; ಆದರೆ ಕಾರ್ಖಾನೆಗಳು ಮುಚ್ಚಿ ಕೆಲಸವಿಲ್ಲದೆ ಕುಳಿತ ಊರಿನ ತರುಣರಿಗೆ ದೀರ್ಘ ಆಲಾಪಕ್ಕೆ ತಾಳ್ಮೆ ಎಲ್ಲಿಂದ ಬಂದೀತು?

ಮೌನದ ಬೆಲೆ ಅರಿತ ಮುದ್ರಿಕೆ ಬೇಕೆಂದರೆ ಸ್ವೀಡನ್ನಿನ ‘ಓಪೆತ್’ ತಂಡದ ‘ಬ್ಲ್ಯಾಕ್‌ವಾಟರ್ ಪಾರ್ಕ್’ (2001). ಗುಡುಗಿನಂಥ ಭಾಗ ಮುಗಿದೊಡನೆ ಒಂಟಿ ಗಿಟಾರು ಮೆಲ್ಲನೆ ಮಾತಾಡತೊಡಗುತ್ತದೆ; ಅದೇ ಗಾಯಕ ಗುರುಗುಟ್ಟುವುದನ್ನು ಬಿಟ್ಟು ತಿಳಿಗಂಠದಲ್ಲಿ ಹಾಡುತ್ತಾನೆ. ಒಂದಿಲ್ಲದೆ ಇನ್ನೊಂದಕ್ಕೆ ಅರ್ಥವಿಲ್ಲ. ಗೊರವರ ಸೀಮೆಯಲ್ಲಿ ಕೇಳಲು ತಕ್ಕ ಇನ್ನೊಂದು, ಮಂಗೋಲಿಯದ ‘ದಿ ಹೂ’ ತಂಡದ ‘ದಿ ಗೆರೆಗ್’ (2019). ಕುದುರೆಯ ತಲೆ ಕೆತ್ತಿದ ಪಿಟೀಲಿನಂಥ ವಾದ್ಯವೂ ಗಂಟಲಹಾಡೂ ಸೇರಿ, ಹುಲ್ಲುಗಾವಲಿನ ದನಿ ಮೆಟಲ್‌ನ ಮೈ ತೊಟ್ಟು ಬಂದಿದೆ. ಕುರಿಮಂದೆಯ ಹಿಂದೆ ನಡೆದವರಿಗೆ ಅದು ಪರದೇಶದ್ದೆಂದು ತೋರಲಾರದು.

ಹೊಸದಾಗಿ ಕೇಳುವವರಿಗೆ ಒಂದೆರಡು ಹಿತವಚನ ಸಲ್ಲುತ್ತದೆ. ಒಂದೇ ದಿನ ಎಲ್ಲವನ್ನೂ ಕೇಳಹೊರಟರೆ ತಲೆನೋವು ಬರುವುದು ಖಂಡಿತ. ದಿನಕ್ಕೊಂದು ಹಾಡು ಸಾಕು. ಮೊದಲ ಸಲ ಕಂಠವನ್ನು ಬಿಟ್ಟು ಚರ್ಮವಾದ್ಯವನ್ನಷ್ಟೇ ಹಿಂಬಾಲಿಸಬೇಕು. ಎರಡನೆಯ ಸಲ ಗಿಟಾರನ್ನು. ಮೂರನೆಯ ಸಲಕ್ಕೆ ಕಂಠ ತಾನಾಗಿ ಜಾಗಕ್ಕೆ ಬಂದು ಕೂರುತ್ತದೆ. ದನಿ ಏರಿಸುವ ಅಗತ್ಯವೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕಿವಿಯ ಕ್ಷೇಮಕ್ಕೆ ಹೇಳುವ ಮಿತಿ, 80 ಡೆಸಿಬಲ್ಲಿನಲ್ಲಿ ವಾರಕ್ಕೆ 40 ಗಂಟೆ. ಭಾರವಿರುವುದು ಸಂಗೀತದೊಳಗೆ, ಯಂತ್ರದ ತಿರುಗಣೆಯಲ್ಲಲ್ಲ.

ವಾರಸುದಾರರು ಯಾರು?

ಹಾಗಾದರೆ ಗದ್ದಲ ಯಾವುದು? ಉತ್ತರವನ್ನು ಈ ಸೀಮೆಯ ಮೆರವಣಿಗೆಗಳೇ ಕೊಡುತ್ತವೆ. ಲಾರಿಯ ಮೇಲೆ ಗೋಡೆಯಂತೆ ಪೇರಿಸಿದ ಧ್ವನಿಪೆಟ್ಟಿಗೆಗಳು, ಜನ ಡಿ.ಜೆ. ಎನ್ನುವ ಆ ಸರಂಜಾಮು, ಈಗ ಹಳ್ಳಿಹಳ್ಳಿಗೂ ಬಂದಿದೆ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕ ಕೂಡದೆಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ನಿಯಮ ಕಾಗದದಲ್ಲಿರುತ್ತದೆ, ಲಾರಿ ಬೀದಿಯಲ್ಲಿರುತ್ತದೆ. ಅದಕ್ಕೆ ಉಸಿರಿಲ್ಲ, ಆದ್ದರಿಂದ ನಿಲುಗಡೆಯೂ ಇಲ್ಲ. “ಸದ್ದಲೇ” ಎಂದರೆ ಕೇಳುವ ಕಿವಿಯೂ ಅದಕ್ಕಿಲ್ಲ. ಅದು ಬಂದ ಮೆರವಣಿಗೆಯಲ್ಲಿ ಸಮಾಳದವನಿಗೆ ಕರೆಯಿಲ್ಲ, ಹಲಗೆಯವನಿಗೆ ಆ ದಿನದ ಕೂಲಿಯಿಲ್ಲ. ತಂದೆಗೆ ಕರೆ ತಪ್ಪಿದ ಮನೆಯಲ್ಲಿ ಮಗ ಆ ವಾದ್ಯವನ್ನು ಮುಟ್ಟುವ ಮನಸ್ಸು ಮಾಡುವುದಿಲ್ಲ. ಹಲಗೆಯ ವಿಷಯದಲ್ಲಂತೂ ಬಾರಿಸುವವರ ಜಾತಿಯನ್ನು ನೋಡಿ ವಾದ್ಯವನ್ನೇ ಕೀಳೆಂದ ಪಾಪವೂ ಊರಿನ ತಲೆಯ ಮೇಲಿದೆ.

ಬೆಂಗಳೂರಿನ ತಂಡವೊಂದು ನಗೆಗಾಗಿ ಹೊತ್ತ ಹೆಸರು ಇಲ್ಲಿ ಚುಚ್ಚುವ ಮಾತಾಗುತ್ತದೆ. ಬೇವಾರ್ಸಿಯಾಗುತ್ತಿರುವುದು ಮೆಟಲ್ ಕೇಳುವ ಹುಡುಗನಲ್ಲ. ಸಮಾಳ, ಹಲಗೆ, ಚೌಡಿಕೆ. ಶವಾಂತೆಯರ ಹಾಡಿಗೆ, ಮಾವೊರಿಗಳ ಮಾತಿಗೆ, ಮಂಗೋಲರ ಗಂಟಲಿಗೆ ಈ ಸಂಗೀತದಲ್ಲಿ ವಾರಸುದಾರರು ದೊರೆತರು. ಬೆಂಗಳೂರಿನ ತಂಡಗಳು ಸಂಗೀತ ಕಚೇರಿಯ ವಿದ್ಯೆಯನ್ನು ಒಳಗೆ ಕರೆದುಕೊಂಡಾಯಿತು. ಜಾತ್ರೆಯ ವಿದ್ಯೆಯ ಸರದಿ ಇನ್ನೂ ಉಳಿದಿದೆ. ಅದಕ್ಕೆ ಬೇಕಾದ ಹುಡುಗ ಅರಸೀಕೆರೆಯ ಕಡೆಯಿಂದಲೇ ಬಂದರೆ ಚೆನ್ನ. ಏಕೆಂದರೆ ಅವನಿಗೆ ಎರಡೂ ಗೊತ್ತಿರುತ್ತದೆ: ಗಿಟಾರಿನ ತಂತಿಯನ್ನು ಎಷ್ಟು ಸಡಿಲಿಸಬೇಕು, ಸಮಾಳದ ಚರ್ಮವನ್ನು ಎಷ್ಟು ಕಾಯಿಸಬೇಕು.

ಅಲ್ಲಿಯವರೆಗೆ ಅಜ್ಜನೂ ಮೊಮ್ಮಗನೂ ಒಂದು ಒಪ್ಪಂದಕ್ಕೆ ಬರಬಹುದು. ಮೊಮ್ಮಗನ ‘ರೂಟ್ಸ್’ ಮುದ್ರಿಕೆಯನ್ನು ಅಜ್ಜ ಒಮ್ಮೆ ಪೂರ್ತಿ ಕೇಳಲಿ. ಮುಂದಿನ ಮೆರವಣಿಗೆಗೆ ಲಾರಿಯನ್ನು ಬಿಟ್ಟು ಸಮಾಳದ ಮೇಳವನ್ನು ಕರೆಸಲು ಮೊಮ್ಮಗ ಗೆಳೆಯರಿಂದ ಪಟ್ಟಿ ಎತ್ತಲಿ. ಮೇಳದವರಿಗೆ ಸಲ್ಲಬೇಕಾದ ಕೂಲಿಯನ್ನು ಚೌಕಾಸಿ ಮಾಡದೆ ಮೊದಲೇ ಕೈಗಿಡಲಿ.